ಸೋಲಾರ್ ರೇಡಿಯೊ ವಾಚು ಕೈಕೊಟ್ಟರೆ: ಮೊದಲು ಬೆಳಕು, ಕೊನೆಗೆ ಸಿಗ್ನಲ್

ಒಂದು ವರ್ಷ ಡ್ರಾಯರ್‌ನಲ್ಲಿ ಬಿದ್ದಿದ್ದ ನನ್ನ ವಾಚನ್ನು ಹೊರಗೆ ತೆಗೆದಾಗ ಅದರ ಮುಖ ಪೂರ್ತಿ ಖಾಲಿ. ಒಂದು ಅಂಕಿಯೂ ಇಲ್ಲ. ಇದು ಬೆಳಕಿನಿಂದ ಚಾರ್ಜ್ ಆಗಿ, ರೇಡಿಯೊ ಸಿಗ್ನಲ್ ಕೇಳಿ ತನ್ನ ಸಮಯ ತಾನೇ ಸರಿಮಾಡಿಕೊಳ್ಳುವ ಜಾತಿಯ ವಾಚು. ಬಟನ್‌ಗಳನ್ನೆಲ್ಲ ಒತ್ತಿದೆ, ಅಲ್ಲಾಡಿಸಿದೆ, ಬೆನ್ನಿಗೆ ಒಂದು ಏಟನ್ನೂ ಕೊಟ್ಟೆ. ಏನೂ ಆಗಲಿಲ್ಲ. ಇದರ ಕಥೆ ಮುಗೀತು ಅಂದುಕೊಂಡು ಕಿಟಕಿ ಕಟ್ಟೆಯ ಮೇಲಿಟ್ಟು ಮರೆತುಬಿಟ್ಟೆ. ಮಧ್ಯಾಹ್ನ ನೋಡಿದರೆ ಮೂಲೆಯಲ್ಲಿ ಸಣ್ಣ ಗುರುತೊಂದು ಮಿಣುಕುತ್ತಿತ್ತು. ಸಂಜೆಗೆ ಸಮಯ ಬಂತು. ತಪ್ಪು ಸಮಯವೇ, ಆದರೂ ಬಂತಲ್ಲ!

ಆಮೇಲೆ ನಾನು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ವಾಚಿಗೆ ಜೀವ ಬಂದ ಕೂಡಲೇ ಸಿಗ್ನಲ್ ಹಿಡಿಸಲು ಕೂತೆ. ಹಿಡಿಯಲಿಲ್ಲ. ಆಂಟೆನಾ ಕೆಟ್ಟಿದೆ ಅಂತ ತೀರ್ಮಾನ ಮಾಡಿದೆ. ಆಂಟೆನಾಕ್ಕೆ ಏನೂ ಆಗಿರಲಿಲ್ಲ. ವಾಚಿಗೆ ಹಸಿವಾಗಿತ್ತು, ಅಷ್ಟೇ.

ಈ ವಾಚುಗಳಲ್ಲಿ ದೋಷ ಹುಡುಕಲು ಒಂದು ಕ್ರಮ ಇದೆ. ಮೊದಲು ಚಾರ್ಜ್, ಆಮೇಲೆ ಊರಿನ ಸೆಟ್ಟಿಂಗ್ (ಹೋಮ್ ಸಿಟಿ), ಆಮೇಲೆ ಮುಳ್ಳುಗಳ ಜಾಗ, ಕೊನೆಗೆ ಸಿಗ್ನಲ್. ರೇಡಿಯೊ ಕೇಳೋದು ವಾಚಿನ ಲೆಕ್ಕದಲ್ಲಿ ಭಾರೀ ಖರ್ಚಿನ ಕೆಲಸ. ಚಾರ್ಜ್ ಒಂದು ಮಟ್ಟಕ್ಕಿಂತ ಕಡಿಮೆ ಇದ್ದರೆ ಅದು ಆ ಪ್ರಯತ್ನವನ್ನೇ ಮಾಡುವುದಿಲ್ಲ. ಊರು ತಪ್ಪಿದ್ದರೂ ಅಷ್ಟೇ. ಇವೆರಡನ್ನು ನೋಡದೆ ರಾತ್ರಿಯಿಡೀ ಕಿಟಕಿ ಬಳಿ ಇಟ್ಟು ಕಾದರೆ ಸುಮ್ನೆ ಕಾಲಹರಣ.

ಇನ್ನೊಂದು ಮಾತು. ವಾಚಿನ ಹಿಂಬದಿ ಮುಚ್ಚಳದ ಮೇಲೆ ಮಾಡ್ಯೂಲ್ ಅಥವಾ ಕ್ಯಾಲಿಬರ್ ಸಂಖ್ಯೆ, ಅಂದರೆ ಒಳಗಿನ ಯಂತ್ರದ ಸಂಖ್ಯೆ, ಇರುತ್ತದೆ. ಕ್ಯಾಸಿಯೊದಲ್ಲಿ ಸಾಮಾನ್ಯವಾಗಿ ಸಣ್ಣ ಚೌಕದೊಳಗೆ 4 ಅಂಕಿ. ಕೈಪಿಡಿ ಹುಡುಕಬೇಕಾದ್ದು ಆ ಸಂಖ್ಯೆಯಿಂದ, ಮಾಡೆಲ್ ಹೆಸರಿನಿಂದಲ್ಲ. ಯಾವ ಬಟನ್ ಎಷ್ಟು ಹೊತ್ತು ಒತ್ತಬೇಕು ಅನ್ನೋದು ಒಂದೊಂದು ಮಾಡ್ಯೂಲ್‌ಗೆ ಒಂದೊಂದು ತರಹ. ಅದಕ್ಕೇ ಇಲ್ಲಿ ಬಟನ್ ಪಟ್ಟಿ ಕೊಡುತ್ತಿಲ್ಲ.

ಮುಖ ಖಾಲಿ, ಅಥವಾ ಮುಳ್ಳು ನಿಂತಿದೆ

ಮೊದಲು ಇದು ನಿದ್ದೆಯೋ ಹಸಿವೋ ತಿಳಿದುಕೊಳ್ಳಿ. ಈ ವಾಚುಗಳು ಕತ್ತಲಲ್ಲಿ ತಾವಾಗಿಯೇ ಮಲಗುತ್ತವೆ. ಕ್ಯಾಸಿಯೊದ ಹಲವು ಡಿಜಿಟಲ್ ಮಾಡೆಲ್‌ಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ನಡುವೆ ಸುಮಾರು ಒಂದು ಗಂಟೆ ಕತ್ತಲಿದ್ದರೆ ತೆರೆ ಆರುತ್ತದೆ. ಆರೇಳು ದಿನ ಕತ್ತಲಲ್ಲೇ ಇದ್ದರೆ ಇನ್ನೂ ಗಾಢ ನಿದ್ದೆ. ಆಗ ಒಳಗೆ ಸಮಯ ಎಣಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಬಂದ್. ಬೆಳಕಿಗೆ ತಂದು ಯಾವುದಾದರೂ ಬಟನ್ ಒತ್ತಿ. ಒಂದೆರಡು ಸೆಕೆಂಡಿನಲ್ಲಿ ಸರಿಯಾದ ಸಮಯ ತೋರಿಸಿದರೆ ಅದು ಮಲಗಿತ್ತು, ಅಷ್ಟೇ. ಉದ್ದ ತೋಳಿನ ಅಂಗಿ ಹಾಕುವವರಿಗೆ ವಾಚು ಕೈಯಲ್ಲಿದ್ದೇ ಹೀಗಾಗುವುದುಂಟು.

ಬಟನ್‌ಗೆ ಜಗ್ಗದಿದ್ದರೆ ಹಸಿವು. ಇಲ್ಲಿ ತಾಳ್ಮೆ ಬೇಕು. ಎಷ್ಟು ಅನ್ನೋದನ್ನು ಅಂಕಿಯಲ್ಲೇ ಹೇಳುತ್ತೇನೆ, ಲಕ್ಸ್ ಅನ್ನೋದು ಬೆಳಕಿನ ಅಳತೆ. ಕ್ಯಾಸಿಯೊದ ಒಂದು ಸಾಮಾನ್ಯ ಮಾಡ್ಯೂಲ್‌ಗೆ ಒಂದು ದಿನದ ಖರ್ಚು ತುಂಬಿಸಿಕೊಳ್ಳಲು ಹೊರಗಿನ ಬಿಸಿಲಿನಲ್ಲಿ, ಅಂದರೆ 50,000 ಲಕ್ಸ್‌ನಲ್ಲಿ, 5 ನಿಮಿಷ ಸಾಕು. ಕಿಟಕಿಯೊಳಗೆ ಬೀಳುವ ಬಿಸಿಲು 10,000 ಲಕ್ಸ್. ಅಲ್ಲಿ 24 ನಿಮಿಷ. ಮೋಡ ಕವಿದ ದಿನ ಕಿಟಕಿ ಬಳಿ 5,000 ಲಕ್ಸ್ ಇದ್ದರೆ 48 ನಿಮಿಷ. ಕೋಣೆಯ ಟ್ಯೂಬ್‌ಲೈಟ್ 500 ಲಕ್ಸ್ ಕೊಟ್ಟರೆ 8 ಗಂಟೆ! ಲೆಕ್ಕ ನೇರ. ಬೆಳಕು ನೂರು ಪಟ್ಟು ಕಮ್ಮಿಯಾದರೆ ಹೊತ್ತು ನೂರು ಪಟ್ಟು ಜಾಸ್ತಿ. ನಮ್ಮ ಕಣ್ಣು ಇದರಲ್ಲಿ ಮೋಸ ಹೋಗುತ್ತದೆ. ಕೋಣೆಯ ಬೆಳಕಿಗೆ ಕಣ್ಣು ಒಗ್ಗಿಕೊಂಡು ‘ಚೆನ್ನಾಗಿ ಬೆಳಕಿದೆ’ ಅನ್ನುತ್ತದೆ. ವಾಚಿಗೆ ಅದು ಮುಸ್ಸಂಜೆ.

ಈ ಅಂಕಿಗಳು ದಿನದ ಖರ್ಚಿಗೆ ಮಾತ್ರ ಅನ್ನೋದು ನೆನಪಿರಲಿ. ಪೂರ್ತಿ ಖಾಲಿಯಾದ ವಾಚು ಏಳಲು ಬಿಸಿಲಿನಲ್ಲೇ ಕೆಲವು ಗಂಟೆ ಬೇಕು. ಪೂರ್ತಿ ತುಂಬಲು ಹತ್ತಾರು ಗಂಟೆ, ಅಂದರೆ ಹಲವು ದಿನದ ಬಿಸಿಲು. ಸಮಯ ಕಾಣಿಸಿದ ತಕ್ಷಣ ಚಾರ್ಜ್ ಆಯ್ತು ಅಂತ ಕೈಗೆ ಕಟ್ಟಿಕೊಂಡರೆ ಎರಡು ದಿನಕ್ಕೆ ಮತ್ತೆ ಖಾಲಿ. ಚಾರ್ಜ್ ಗುರುತು ‘ಎಚ್’ (ಹೈ) ಅಥವಾ ಕನಿಷ್ಠ ‘ಎಂ’ (ಮೀಡಿಯಂ) ಬರುವವರೆಗೆ ಬಿಡಿ. ಜಾಸ್ತಿ ಚಾರ್ಜ್ ಆದೀತು ಅನ್ನೋ ಭಯ ಬೇಡ. ತುಂಬಿದ ಮೇಲೆ ಒಳಗಿನ ಸರ್ಕ್ಯೂಟ್ ತಾನೇ ತಡೆಯುತ್ತದೆ.

ಭಯ ಪಡಬೇಕಾದ್ದು ಬಿಸಿಗೆ. ಸೋಲಾರ್ ಅಂದ ಮಾತ್ರಕ್ಕೆ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಇಡಬೇಡಿ. ಗಾಜು ಮುಚ್ಚಿದ ಕಾರಿನಲ್ಲಿ ವಾಚು 60 ಡಿಗ್ರಿ ಸೆಲ್ಸಿಯಸ್ ದಾಟುವುದು ಸುಲಭ. ಆಗ ತೆರೆ ಕಪ್ಪಾಗುತ್ತದೆ. ತಣ್ಣಗಾದ ಮೇಲೆ ತೆರೆ ಸರಿಹೋಗುತ್ತದೆ, ಆದರೆ ಒಳಗಿನ ಸೆಲ್ (ಚಾರ್ಜ್ ಆಗುವ ಸಣ್ಣ ಬ್ಯಾಟರಿ) ಆ ಬಿಸಿಯನ್ನು ಮರೆಯುವುದಿಲ್ಲ. ಹ್ಯಾಲೊಜೆನ್ ಅಥವಾ ಹಳೇ ಬಲ್ಬಿನ ಕೆಳಗೆ ಹತ್ತಿರ ಇಡುವುದೂ ಬೇಡ. ನಾನು ಮಾಡುವುದು ಇಷ್ಟು: ಕಿಟಕಿ ಕಟ್ಟೆ, ಮುಖ ಬೆಳಕಿನ ಕಡೆಗೆ, ಆಗಾಗ ಕೈಯಿಂದ ಮುಟ್ಟಿ ನೋಡುವುದು. ಬೆರಳಿಗೆ ಸುಡುವಂತಿದ್ದರೆ ನೆರಳಿಗೆ ಸರಿಸುತ್ತೇನೆ. ಎಲ್‌ಇಡಿ ದೀಪದಿಂದಲೂ ಚಾರ್ಜ್ ಆಗುತ್ತದೆ. ಬಿಸಿ ಕಮ್ಮಿ, ಸುರಕ್ಷಿತ, ಆದರೆ ನಿಧಾನ.

ಸೆಕೆಂಡ್ ಮುಳ್ಳು ಕುಪ್ಪಳಿಸುತ್ತಿದೆ

ಮುಳ್ಳಿನ ವಾಚುಗಳು ಹಸಿವನ್ನು ಹೀಗೆ ಹೇಳಿಕೊಳ್ಳುತ್ತವೆ. ಸಿಟಿಜನ್ ಇಕೊ-ಡ್ರೈವ್‌ನಲ್ಲಿ ಸೆಕೆಂಡ್ ಮುಳ್ಳು 2 ಸೆಕೆಂಡಿಗೊಮ್ಮೆ ಎರಡು ಹೆಜ್ಜೆ ಹಾರಿದರೆ ಚಾರ್ಜ್ ತಳ ಮುಟ್ಟಿದೆ ಅಂತ ಅರ್ಥ. ಸಮಯ ಇನ್ನೂ ಸರಿಯಾಗೇ ಇರುತ್ತದೆ. ತಕ್ಷಣ ಬೆಳಕಿಗೆ ಇಡಿ. ಹಾರುವುದು ನಿಂತು ಮುಳ್ಳು ಒಂದೊಂದೇ ಹೆಜ್ಜೆ ಇಡಲು ಶುರು ಮಾಡಿದ ಮೇಲೂ ಒಂದೆರಡು ದಿನ ಬಿಸಿಲು ತೋರಿಸಿ.

ಹಾರುವುದರಲ್ಲಿ ತಾಳವೇ ಇಲ್ಲದಿದ್ದರೆ, ಒಮ್ಮೆ ಚಿಕ್ಕ ಹೆಜ್ಜೆ ಒಮ್ಮೆ ದೊಡ್ಡ ಹೆಜ್ಜೆ ಆಗಿದ್ದರೆ, ಅದು ಬೇರೆ ದೂರು. ‘ನಾನು ಒಮ್ಮೆ ನಿಂತುಹೋಗಿದ್ದೆ, ಈಗ ತೋರಿಸುತ್ತಿರುವ ಸಮಯ ನಂಬಬೇಡ’ ಅಂತ. ಹೊಟ್ಟೆ ತುಂಬಿಸಿ, ಸಮಯ ಹೊಸದಾಗಿ ಸೆಟ್ ಮಾಡಿ.

ಡಿಜಿಟಲ್ ವಾಚಿನಲ್ಲಿ ‘ಆರ್’ ಅಕ್ಷರವೋ ‘ರಿಕವರ್’ ಅನ್ನುವ ಗುರುತೋ ಮಿಣುಕಿ ಬಟನ್‌ಗಳು ಕೆಲಸ ನಿಲ್ಲಿಸಿದರೆ ಗಾಬರಿ ಬೇಡ. ಸ್ವಲ್ಪ ಹೊತ್ತಿನಲ್ಲಿ ಲೈಟು, ಅಲಾರಂ, ಸಿಗ್ನಲ್ ಹುಡುಕಾಟ ಎಲ್ಲವನ್ನೂ ಸಾಲಾಗಿ ಮಾಡಿಸಿದರೆ ಸೆಲ್‌ಗೆ ಏದುಸಿರು ಬರುತ್ತದೆ. ಸುಮಾರು ಕಾಲು ಗಂಟೆ ಬಿಟ್ಟರೆ ಸುಧಾರಿಸಿಕೊಳ್ಳುತ್ತದೆ. ದಿನವೂ ಹೀಗಾದರೆ ಮಾತ್ರ ಕೊನೆಯ ಭಾಗ ಓದಿ.

ಚಾರ್ಜ್ ಇದೆ, ಸಿಗ್ನಲ್ ಇಲ್ಲ

ಮೊದಲ ಪ್ರಶ್ನೆ: ನೀವಿರುವ ಜಾಗಕ್ಕೆ ಸಿಗ್ನಲ್ ಬರುತ್ತದೆಯೇ? ಇದು ಜಿಪಿಎಸ್ ಅಲ್ಲ, ಆಕಾಶದಿಂದ ಎಲ್ಲೆಡೆ ಸುರಿಯುವುದಿಲ್ಲ. ನೆಲದ ಮೇಲಿನ ಕೆಲವೇ ಕೆಲವು ದೀರ್ಘತರಂಗ ಕೇಂದ್ರಗಳಿಂದ ಬರುತ್ತದೆ. ಜರ್ಮನಿಯಲ್ಲಿ ಫ್ರಾಂಕ್‌ಫರ್ಟ್ ಹತ್ತಿರದ ಮೈನ್‌ಫ್ಲಿಂಗೆನ್‌ನಿಂದ ಡಿಸಿಎಫ್77, 77.5 ಕಿಲೊಹರ್ಟ್ಸ್. ಬ್ರಿಟನ್ನಿನ ಆಂಥಾರ್ನ್‌ನಿಂದ ಎಂಎಸ್‌ಎಫ್, 60 ಕಿಲೊಹರ್ಟ್ಸ್. 2007ರವರೆಗೆ ಇದು ರಗ್ಬಿ ಅನ್ನುವ ಊರಿನಿಂದ ಬರುತ್ತಿತ್ತು. ಅಮೆರಿಕದ ಕೊಲರಾಡೊ ರಾಜ್ಯದ ಫೋರ್ಟ್ ಕಾಲಿನ್ಸ್‌ನಿಂದ ಡಬ್ಲ್ಯುಡಬ್ಲ್ಯುವಿಬಿ, ಅದೂ 60. ಜಪಾನಿನ ಜೆಜೆವೈಗೆ ಎರಡು ಗೋಪುರ, ಫುಕುಶಿಮಾ ಕಡೆಯದು 40, ಕ್ಯೂಶು ಕಡೆಯದು 60. ಚೀನಾದ ಶಾಂಗ್‌ಚ್ಯೂನಿಂದ ಬಿಪಿಸಿ, 68.5. ವಾಚಿನ ಮೇಲೆ ‘ಮಲ್ಟಿಬ್ಯಾಂಡ್ 6’ ಅಂತ ಬರೆದಿದ್ದರೆ ಈ ಆರನ್ನೂ ಅದು ಕೇಳಬಲ್ಲದು. ಹಳೆಯ ವಾಚುಗಳಲ್ಲಿ ಒಂದನ್ನೋ ಎರಡನ್ನೋ ಮಾತ್ರ ಕೇಳುವವು ಇವೆ. ಜಪಾನಿನಲ್ಲಿ ಮಾರಲು ಮಾಡಿದ ವಾಚನ್ನು ಯುರೋಪಿಗೆ ಒಯ್ದು ಸಿಗ್ನಲ್ ಬರಲಿಲ್ಲ ಅಂದರೆ ಅದು ದೋಷ ಅಲ್ಲ.

ಒಂದು ಕೇಂದ್ರದ ಮಾತು ವಾಚಿಗೆ ಕೇಳಿಸುವುದು ಒಂದೆರಡು ಸಾವಿರ ಕಿಲೊಮೀಟರ್, ಅನುಕೂಲ ಇದ್ದರೆ ಮೂರು ಸಾವಿರದವರೆಗೆ. ಭಾರತ, ಆಸ್ಟ್ರೇಲಿಯಾ, ದಕ್ಷಿಣ ಅಮೆರಿಕ, ಆಫ್ರಿಕಾದ ಬಹುಭಾಗ ಈ ವ್ಯಾಪ್ತಿಯ ಹೊರಗೆ. ಅಲ್ಲಿ ಇದೇ ವಾಚು ಬರೀ ಕ್ವಾರ್ಟ್ಸ್ ವಾಚಿನ ಹಾಗೆ ಓಡುತ್ತದೆ, ತಿಂಗಳಿಗೆ 15 ಸೆಕೆಂಡು ಹೆಚ್ಚೋ ಕಮ್ಮಿಯೋ. ಅದಕ್ಕೊಂದು ಉಪಾಯ ಇದೆ, ಮುಂದೆ ಹೇಳುತ್ತೇನೆ.

ವ್ಯಾಪ್ತಿಯ ಒಳಗಿದ್ದರೆ ಎರಡನೇ ಪ್ರಶ್ನೆ: ಹೋಮ್ ಸಿಟಿ ಯಾವುದು? ಯಾವ ಕೇಂದ್ರವನ್ನು ಕೇಳಬೇಕು ಅಂತ ವಾಚು ನಿರ್ಧರಿಸುವುದು ಇದರಿಂದಲೇ. ಬರ್ಲಿನ್‌ನಲ್ಲಿ ಕೂತು ವಾಚಿನಲ್ಲಿ ಟೋಕಿಯೊ ಇಟ್ಟಿದ್ದರೆ ಅದು ಜಪಾನಿನ ಕರೆಗೆ ಕಿವಿಗೊಟ್ಟು ಕಾಯುತ್ತದೆ. ವ್ಯಾಪ್ತಿ ಇಲ್ಲದ ಊರು ಇಟ್ಟಿದ್ದರೆ ಕಿವಿಯನ್ನೇ ತೆರೆಯುವುದಿಲ್ಲ.

ಮೂರನೆಯದು ನನ್ನನ್ನು ವಾರಗಟ್ಟಲೆ ಆಡಿಸಿದ ತೊಂದರೆ. ಪೂರ್ತಿ ಖಾಲಿಯಾಗಿ ಎದ್ದ ವಾಚು ಕಾರ್ಖಾನೆಯಿಂದ ಬಂದಾಗಿನ ಸೆಟ್ಟಿಂಗಿಗೆ ಮರಳುತ್ತದೆ, ಸಮಯವೂ ಎಲ್ಲಿಂದಲೋ ಶುರುವಾಗುತ್ತದೆ. ತಾನಾಗಿ ಸಿಗ್ನಲ್ ಹುಡುಕುವುದು ಮಧ್ಯರಾತ್ರಿಯಿಂದ ಬೆಳಗಿನ ಜಾವದೊಳಗೆ. ಸಿಟಿಜನ್‌ನ ಹಲವು ಮಾಡೆಲ್‌ಗಳಲ್ಲಿ 2, 3, 4 ಗಂಟೆಗೆ. ಕ್ಯಾಸಿಯೊದಲ್ಲಿ ಸಾಮಾನ್ಯವಾಗಿ 12ರಿಂದ 5ರವರೆಗೆ ಗಂಟೆಗೊಮ್ಮೆ, ಸಿಕ್ಕ ಕೂಡಲೇ ಅವತ್ತಿನ ಕೆಲಸ ಮುಗಿಯಿತು. ಆದರೆ ಯಾರ ಮಧ್ಯರಾತ್ರಿ? ವಾಚಿನ ಮಧ್ಯರಾತ್ರಿ! ಅದರ ಸಮಯ 12 ಗಂಟೆ ತಪ್ಪಿದ್ದರೆ ಅದು ನಿಮ್ಮ ನಡುಮಧ್ಯಾಹ್ನ ಸಿಗ್ನಲ್ ಹುಡುಕುತ್ತದೆ. ಆಗ ನೀವು ಅದನ್ನು ಕೈಗೆ ಕಟ್ಟಿಕೊಂಡು ಲಿಫ್ಟ್‌ನಲ್ಲಿ ಓಡಾಡುತ್ತಿರುತ್ತೀರಿ. ಅದಕ್ಕೇ ಮೊದಲು ಕೈಯಾರೆ ಊರು, ಸಮಯ, ದಿನಾಂಕ ಸರಿಮಾಡಿ. ಸೆಕೆಂಡ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅದನ್ನು ಸಿಗ್ನಲ್ ನೋಡಿಕೊಳ್ಳುತ್ತದೆ.

ರಾತ್ರಿಯೇ ಯಾಕೆ ಅಂದರೆ, ಹಗಲು ಸೂರ್ಯನಿಂದಾಗಿ ವಾತಾವರಣದ ಮೇಲ್ಭಾಗದಲ್ಲಿ ಒಂದು ಪದರ ಉಂಟಾಗುತ್ತದೆ. ಅದು ದೂರದಿಂದ ಬರುವ ದೀರ್ಘತರಂಗವನ್ನು ಹೀರುತ್ತದೆ. ರಾತ್ರಿ ಆ ಪದರ ಕರಗುತ್ತದೆ, ಅಲೆ ದೂರ ತಲುಪುತ್ತದೆ. ಮನೆಯ ಯಂತ್ರಗಳ ಗಲಾಟೆಯೂ ರಾತ್ರಿ ಕಮ್ಮಿ.

ಆ ಗಲಾಟೆ ಸಣ್ಣದಲ್ಲ. 60 ಕಿಲೊಹರ್ಟ್ಸ್ ಅಲೆಯ ಉದ್ದ 5 ಕಿಲೊಮೀಟರ್. ಅದನ್ನು ಹಿಡಿಯುವುದು ಉಗುರಿನುದ್ದದ ಕಡ್ಡಿಗೆ ಸುತ್ತಿದ ತಂತಿ. ಪಾಪ, ಅದಕ್ಕೆ ಕೇಳುವುದೇ ಪಿಸುಮಾತು. ಪಕ್ಕದಲ್ಲೇ ಫೋನ್ ಚಾರ್ಜರ್, ಎಲ್‌ಇಡಿ ದೀಪದ ಡ್ರೈವರ್, ಟಿವಿ ಅಥವಾ ಕಂಪ್ಯೂಟರ್ ಇದ್ದರೆ ಅವು ಹತ್ತಿರದ ಆವರ್ತನದಲ್ಲೇ ಕೂಗುತ್ತಿರುತ್ತವೆ. ಮಂಚದ ಪಕ್ಕದ ಟೇಬಲ್ ಮೇಲೆ ಫೋನ್ ಚಾರ್ಜ್‌ಗೆ ಹಾಕಿ ಅದರ ಪಕ್ಕದಲ್ಲೇ ವಾಚು ಬಿಚ್ಚಿಡುವವರು ಎಷ್ಟೋ ಜನ. ಸಿಗ್ನಲ್‌ಗೆ ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ. ಎರಡು ಮೀಟರ್ ದೂರ ಸರಿಸಿ, ಕಿಟಕಿಗೆ ಹತ್ತಿರ ಇಡಿ. ಕಬ್ಬಿಣದ ಸರಳು ತುಂಬಿದ ಕಾಂಕ್ರೀಟ್ ಗೋಡೆ, ಲೋಹದ ಕಪಾಟು, ಲೋಹದ ಟ್ರೇ ಇವೆಲ್ಲ ಅಡ್ಡಿ.

ದಿಕ್ಕೂ ಮುಖ್ಯ. ಆಂಟೆನಾ ಕಡ್ಡಿ ಕೆಲವು ವಾಚುಗಳಲ್ಲಿ 12ರ ಕಡೆ ಇರುತ್ತದೆ, ಕೆಲವದರಲ್ಲಿ 9ರ ಕಡೆ. ಆ ಬದಿಯನ್ನು ಕಿಟಕಿಗೆ ತಿರುಗಿಸಿ ಅನ್ನುತ್ತವೆ ಕೈಪಿಡಿಗಳು. ಕಡ್ಡಿಯ ಉದ್ದ ಕೇಂದ್ರದ ದಿಕ್ಕಿಗೆ ಅಡ್ಡಲಾಗಿದ್ದಾಗ ಚೆನ್ನಾಗಿ ಕೇಳಿಸುತ್ತದೆ, ತುದಿ ನೇರ ಅತ್ತ ತೋರಿದಾಗ ಏನೂ ಕೇಳಿಸುವುದಿಲ್ಲ. ಒಂದು ರಾತ್ರಿ ಬರದಿದ್ದರೆ ಮರುರಾತ್ರಿ ಕಾಲು ಸುತ್ತು ತಿರುಗಿಸಿ ಇಡಿ. ಇಷ್ಟೇ ಸಾಕಾಗಿದ್ದು ನನಗೆ ಎರಡು ಸಲ.

ಕೈಯಾರೆ ಪ್ರಯತ್ನಿಸುವಾಗ ವಾಚನ್ನು ಮುಟ್ಟಬೇಡಿ. ಸಂಕೇತ ಬರುವುದು ಸೆಕೆಂಡಿಗೆ ಒಂದೆರಡು ಬಿಟ್ ವೇಗದಲ್ಲಿ. ಬಿಪಿಸಿ ಒಂದನ್ನು ಬಿಟ್ಟರೆ ಉಳಿದೆಡೆ ಒಂದು ಪೂರ್ತಿ ಸಂದೇಶಕ್ಕೆ ಒಂದು ನಿಮಿಷ. ವಾಚು ಒಂದನ್ನೇ ನಂಬದೆ ಕೆಲವನ್ನು ಹೋಲಿಸಿ ನೋಡುತ್ತದೆ. ಹಾಗಾಗಿ ಸಾಮಾನ್ಯವಾಗಿ 2ರಿಂದ 7 ನಿಮಿಷ, ಕೆಲವೊಮ್ಮೆ 14 ನಿಮಿಷದವರೆಗೂ ಹಿಡಿಯುತ್ತದೆ. ಆ ಹೊತ್ತಿನಲ್ಲಿ ಸೆಕೆಂಡ್ ಮುಳ್ಳು ಒಂದು ಗುರುತಿನ ಮೇಲೆ ಹೋಗಿ ನಿಲ್ಲುತ್ತದೆ. ವಾಚು ಕೆಟ್ಟು ನಿಂತಿದ್ದಲ್ಲ. ಮುಳ್ಳು ತಿರುಗಿಸುವ ಮೋಟರಿನ ಸದ್ದು ತನ್ನದೇ ಆಂಟೆನಾಕ್ಕೆ ತೊಂದರೆ ಕೊಡದಿರಲಿ ಅಂತ ಅದು ಉಸಿರು ಬಿಗಿಹಿಡಿದು ಕೇಳುತ್ತಿರುತ್ತದೆ. ಮಧ್ಯದಲ್ಲಿ ಬಟನ್ ಒತ್ತಿದರೆ ಎಲ್ಲ ಮೊದಲಿಂದ. ಸ್ಟಾಪ್‌ವಾಚ್ ಅಥವಾ ಟೈಮರ್ ಓಡುತ್ತಿದ್ದರೆ, ಕ್ರೌನ್ (ಬದಿಯ ತಿರುಗಿಸುವ ಗುಂಡಿ) ಹೊರಗೆ ಎಳೆದಿದ್ದರೆ ಹುಡುಕಾಟ ಶುರುವೇ ಆಗುವುದಿಲ್ಲ.

ಎಲ್ಲ ಸರಿ ಇದ್ದೂ ಬರದಿದ್ದರೆ ಕೇಂದ್ರವೇ ಬಂದ್ ಆಗಿರಬಹುದು. ದುರಸ್ತಿಗೆ ಅಂತ ಆಗಾಗ ಕೆಲವು ಗಂಟೆ ನಿಲ್ಲಿಸುತ್ತಾರೆ. 2011ರ ಮಾರ್ಚ್‌ನಲ್ಲಿ ಫುಕುಶಿಮಾ ಅಣುಸ್ಥಾವರದ ದುರಂತವಾದಾಗ ಹತ್ತಿರದ ಬೆಟ್ಟದ ಮೇಲಿದ್ದ 40 ಕಿಲೊಹರ್ಟ್ಸ್ ಕೇಂದ್ರದ ಸಿಬ್ಬಂದಿಯೂ ಜಾಗ ಬಿಡಬೇಕಾಯಿತು. ಆ ಪ್ರಸಾರ ವಾರಗಟ್ಟಲೆ ನಿಂತಿತ್ತು.

ಸಿಗ್ನಲ್ ಬಂದಿದೆ, ಸಮಯ ಮಾತ್ರ ತಪ್ಪು

ಎಷ್ಟು ತಪ್ಪು ಅನ್ನೋದೇ ಇಲ್ಲಿ ಸುಳಿವು. ಸರಿಯಾಗಿ ಒಂದು ಗಂಟೆ ವ್ಯತ್ಯಾಸ ಇದ್ದರೆ ಬೇಸಿಗೆ ಸಮಯದ (ಕೆಲವು ದೇಶಗಳು ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿ) ಸೆಟ್ಟಿಂಗ್ ‘ಆಟೊ’ದಲ್ಲಿ ಇಲ್ಲ. ಹಲವು ಗಂಟೆ, ಅಥವಾ ಅರ್ಧ ಗಂಟೆಯ ಲೆಕ್ಕದಲ್ಲಿ ತಪ್ಪಿದ್ದರೆ ಹೋಮ್ ಸಿಟಿ ತಪ್ಪು. ಒಂದು ಸೆಕೆಂಡಿನೊಳಗಿನ ವ್ಯತ್ಯಾಸ ದೋಷವೇ ಅಲ್ಲ, ಬಿಟ್ಟುಬಿಡಿ.

ಎರಡು ನಿಮಿಷ ಮುಂದೆ, ಏಳು ನಿಮಿಷ ಹಿಂದೆ, ಹೀಗೆ ಲೆಕ್ಕಕ್ಕೆ ಸಿಗದ ತಪ್ಪು ಇದ್ದರೆ ಮುಳ್ಳುಗಳನ್ನು ನೋಡಿ. ವಾಚಿನ ಮಿದುಳಿಗೆ ಸರಿಯಾದ ಸಮಯ ಗೊತ್ತಿರುತ್ತದೆ, ಆದರೆ ಮುಳ್ಳು ಎಲ್ಲಿದೆ ಅಂತ ಅದಕ್ಕೆ ಕಣ್ಣಿನಿಂದ ಕಾಣುವುದಿಲ್ಲ. 12ರಿಂದ ಎಷ್ಟು ಹೆಜ್ಜೆ ಹಾಕಿಸಿದೆ ಅಂತ ಎಣಿಸಿಟ್ಟುಕೊಂಡಿರುತ್ತದೆ, ಅಷ್ಟೇ. ಜೋರಾಗಿ ಬಿದ್ದಾಗ ಅಥವಾ ಸ್ಪೀಕರ್, ಬ್ಯಾಗಿನ ಅಯಸ್ಕಾಂತದ ಗುಂಡಿ, ಟ್ಯಾಬ್ಲೆಟ್ ಕವರ್ ಇಂಥವುಗಳಿಗೆ ತಾಗಿದಾಗ ಎಣಿಕೆ ತಪ್ಪುತ್ತದೆ. ಮಜಾ ಅಂದರೆ, ಎಷ್ಟು ಸಲ ಸಿಗ್ನಲ್ ಹಿಡಿಸಿದರೂ ಅಷ್ಟೇ ನಿಮಿಷ ತಪ್ಪು ಹಾಗೇ ಉಳಿಯುತ್ತದೆ. ಕೈಪಿಡಿಯಲ್ಲಿ ‘ಹೋಮ್ ಪೊಸಿಷನ್’ ಅಥವಾ ‘ರೆಫರೆನ್ಸ್ ಪೊಸಿಷನ್’ ಅನ್ನುವ ಭಾಗ ಹುಡುಕಿ. ಆ ಸ್ಥಿತಿಗೆ ಹೋದಾಗ ಮುಳ್ಳುಗಳೆಲ್ಲ 12ಕ್ಕೆ ಬರಬೇಕು. ಬರದಿದ್ದರೆ ಅಲ್ಲೇ ಒಂದೊಂದಾಗಿ 12ಕ್ಕೆ ತಂದು ನಿಲ್ಲಿಸಿ ಹೊರಬನ್ನಿ. ಹೊಸ ಮಾಡೆಲ್‌ಗಳಲ್ಲಿ ಕೆಲವು ಇದನ್ನು ತಾವೇ ಸರಿಮಾಡಿಕೊಳ್ಳುತ್ತವೆ.

ವ್ಯಾಪ್ತಿಯ ಹೊರಗಿದ್ದರೆ

ಜೆಜೆವೈ ಸಂಕೇತವನ್ನು ನಕಲು ಮಾಡುವ ಫೋನ್ ಆ್ಯಪ್‌ಗಳಿವೆ. ಅವು ಸುಮಾರು 13.3 ಕಿಲೊಹರ್ಟ್ಸ್ ಶಬ್ದ ಹೊರಡಿಸುತ್ತವೆ. ಅದರ ಮೂರು ಪಟ್ಟು ಎಷ್ಟು? 40! ಇಯರ್‌ಫೋನಿನ ತಂತಿ, ಸುರುಳಿಯಲ್ಲಿ ಆ ಮೂರು ಪಟ್ಟಿನ ಅಲೆಯೂ ಸ್ವಲ್ಪ ಸೋರುತ್ತದೆ, ವಾಚಿಗೆ ಅಷ್ಟು ಸಾಕು. ವಾಚಿನಲ್ಲಿ ಊರು ಟೋಕಿಯೊ ಇಡಿ. ಆ್ಯಪ್‌ನಲ್ಲಿ ಜಪಾನ್ ಸಮಯವೇ ಇರಲಿ. ತಂತಿಯ ಇಯರ್‌ಫೋನ್ ಹಾಕಿ ವಾಲ್ಯೂಮ್ ಪೂರ್ತಿ ಏರಿಸಿ, ಕಿವಿಗೆ ಮಾತ್ರ ಇಟ್ಟುಕೊಳ್ಳಬೇಡಿ. ತಂತಿಯನ್ನು ವಾಚಿಗೆ ಎರಡು ಸುತ್ತು ಸುತ್ತಿ ಕೈಯಾರೆ ಹುಡುಕಾಟ ಶುರು ಮಾಡಿ. ಬ್ಲೂಟೂತ್ ಇಲ್ಲಿ ಕೆಲಸಕ್ಕೆ ಬಾರದು. ಸಿಗ್ನಲ್ ಸಿಕ್ಕ ಮೇಲೆ ಹೋಮ್ ಸಿಟಿಯನ್ನು ನಿಮ್ಮ ಸಮಯವಲಯಕ್ಕೆ ಬದಲಿಸಿದರೆ ಗಂಟೆ ತಾನಾಗಿ ಸರಿಯುತ್ತದೆ, ಸೆಕೆಂಡ್ ಹಾಗೇ ಉಳಿಯುತ್ತದೆ. ತಿಂಗಳಿಗೊಮ್ಮೆ ಮಾಡಿದರೆ ಸಾಕು.

ಸೆಲ್ ಮುದಿಯಾಗಿದೆಯೇ?

ಇದನ್ನು ಕೊನೆಗೆ ಇಟ್ಟಿದ್ದೇನೆ, ಯಾಕಂದರೆ ಜನ ಇದನ್ನೇ ಮೊದಲು ಅನುಮಾನಿಸುತ್ತಾರೆ. ಪರೀಕ್ಷೆ ಸುಲಭ. ಮೂರು ನಾಲ್ಕು ದಿನ ಚೆನ್ನಾಗಿ ಬಿಸಿಲು ತೋರಿಸಿ ‘ಎಚ್’ಗೆ ತನ್ನಿ. ಒಂದು ವಾರ ಕತ್ತಲ ಡ್ರಾಯರ್‌ನಲ್ಲಿಡಿ. ಆರೋಗ್ಯವಾಗಿರುವ ಸೆಲ್ ಕತ್ತಲಲ್ಲಿ ತಿಂಗಳುಗಟ್ಟಲೆ ಬಾಳುತ್ತದೆ, ಹಲವು ಮಾಡೆಲ್‌ಗಳಲ್ಲಿ ಅರ್ಧ ವರ್ಷಕ್ಕಿಂತ ಜಾಸ್ತಿ. ವಾರದಲ್ಲೇ ‘ಎಲ್’ಗೆ (ಲೋ) ಇಳಿದರೆ, ಲೈಟ್ ಒಂದು ಸಲ ಒತ್ತಿದ್ದಕ್ಕೇ ತೆರೆ ಮಂಕಾದರೆ, ಸೆಲ್‌ನ ಕಾಲ ಮುಗಿದಿದೆ.

ಬದಲಿಸುವಾಗ ಎಚ್ಚರ. ನನ್ನ ವಾಚನ್ನು ಒಂದು ರಿಪೇರಿ ಅಂಗಡಿಗೆ ಕೊಟ್ಟಿದ್ದೆ. ಹತ್ತೇ ನಿಮಿಷದಲ್ಲಿ ಸಿದ್ಧ ಮಾಡಿ ಕೊಟ್ಟರು, ಖುಷಿಯಾಯಿತು. ಕೆಲವು ತಿಂಗಳಾದ ಮೇಲೆ ಮತ್ತೆ ಖಾಲಿ, ಬಿಸಿಲಿಗಿಟ್ಟರೂ ಏಳಲಿಲ್ಲ. ತೆರೆಸಿ ನೋಡಿದರೆ ಒಳಗೆ ಸಿಆರ್1616 ಕೂತಿತ್ತು. ಬೇಕಿದ್ದದ್ದು ಸಿಟಿಎಲ್1616. ಅಳತೆ ಒಂದೇ, ಜಾತಿ ಬೇರೆ. ಮೊದಲನೆಯದು ಚಾರ್ಜ್ ಆಗುವ ಸೆಲ್ ಅಲ್ಲ. ಅದಕ್ಕೆ ಸೋಲಾರ್‌ನಿಂದ ಕರೆಂಟ್ ನುಗ್ಗಿಸಿದರೆ ಉಬ್ಬಬಹುದು, ಸೋರಬಹುದು. ಸಿಟಿಜನ್‌ಗಳಲ್ಲಿ ಎಂಟಿ ಸರಣಿಯ ಸೆಲ್‌ಗಳು ಬರುತ್ತವೆ, ಅಲ್ಲೂ ಇದೇ ಎಚ್ಚರ. ಹಳೇ ಸೆಲ್ ಮೇಲೆ ಬರೆದಿರುವ ಅಕ್ಷರಗಳನ್ನು ಹೊಸದರ ಜೊತೆ ಒಂದೊಂದಾಗಿ ಹೋಲಿಸಿ ನೋಡಿ.

ಸರಿಯಾದ ಸೆಲ್ ಹಾಕಿಯೂ ಕ್ಯಾಸಿಯೊ ಏಳದಿದ್ದರೆ ಒಳಗೆ ‘ಎಸಿ’ ಅಂತ ಬರೆದ ಸಣ್ಣ ಚುಕ್ಕಿ ಹುಡುಕಬೇಕು. ಚಿಮಟದ ಒಂದು ತುದಿ ಆ ಚುಕ್ಕಿಗೆ, ಇನ್ನೊಂದು ತುದಿ ಸೆಲ್‌ನ ಪ್ಲಸ್ ಬದಿಗೆ, ಎರಡು ಸೆಕೆಂಡ್. ನನ್ನದು ಎದ್ದಿದ್ದು ಆಗಲೇ. ರಬ್ಬರ್ ಉಂಗುರವನ್ನು ಸರಿಯಾಗಿ ಕೂರಿಸಿ ಮುಚ್ಚಿದ ಮೇಲೆ ಮೂರು ದಿನ ಕಿಟಕಿ ಕಟ್ಟೆ. ಮೂರನೇ ರಾತ್ರಿ, ಫೋನ್ ಚಾರ್ಜರ್‌ನಿಂದ ದೂರ, 12ರ ಬದಿ ಕಿಟಕಿಗೆ. ಬೆಳಿಗ್ಗೆ ನೋಡಿದರೆ 2 ಗಂಟೆ 4 ನಿಮಿಷಕ್ಕೆ ಸಿಗ್ನಲ್ ಹಿಡಿದ ಗುರುತಿತ್ತು.